ಟಾಕೀಸಿನ ಹೆಂಗಸರ ಬಾಗಿಲು

ಮಳವಳ್ಳಿ ಪೇಟೆಯ ಟಾಕೀಸು ಮತ್ತೆ ಶುರುವಾಗಿದೆ. ಹೊಸ ಹೆಂಚು, ಹೊಸ ಸುಣ್ಣ, ಬಾಗಿಲಿಗೆ ಮಾವಿನ ತೋರಣ. ದೇಶಕ್ಕೆ ಸ್ವಾತಂತ್ರ್ಯ ಬಂದ ಸಂತೋಷದ ಜೊತೆಗೆ ಊರಿನವರು ಈ ಸಂತೋಷವನ್ನೂ ಸೇರಿಸಿಕೊಂಡು ಓಡಾಡುತ್ತಿದ್ದಾರೆ. ನಾನು ಇನ್ನೂ ಅದರೊಳಗೆ ಕಾಲಿಟ್ಟಿಲ್ಲ. ಹೋಗುವುದಿಲ್ಲ ಎಂದು ಶಪಥವನ್ನೇನೂ ಮಾಡಿಲ್ಲ. ಶಪಥ ಮಾಡುವಷ್ಟು ಗಟ್ಟಿ ಮನುಷ್ಯ ನಾನಲ್ಲ ಎನ್ನುವುದು ಇದನ್ನು ಓದಿ ಮುಗಿಸುವ ಹೊತ್ತಿಗೆ ನಿಮಗೇ ತಿಳಿಯುತ್ತದೆ.

ಹೋದ ತಿಂಗಳು ದುದ್ದದ ಕಡೆಯಿಂದ ಸಂತೆಗೆ ಬಂದಿದ್ದ ವೀಳ್ಯದೆಲೆ ವ್ಯಾಪಾರಿಯೊಬ್ಬ ಕವಳಿಗೆ ಕಟ್ಟಿ ಕೊಡುತ್ತಾ, "ನಿಮ್ಮೂರ ಗೇಟಮ್ಮ ಓಗ್ಬುಟ್ಲು ಸ್ವಾಮಿ" ಎಂದ. ಏನಾಗಿತ್ತು ಎಂದು ಕೇಳಿದೆ. "ಏನೂ ಇಲ್ಲ, ವಯಸ್ಸಾಗಿತ್ತು, ಮಲಿಕ್ಕಂಡ್ಲು, ಏಳ್ಲಿಲ್ಲ" ಎಂದು ಹೇಳಿ ಮುಂದಿನ ಗಿರಾಕಿಯ ಕಡೆ ತಿರುಗಿದ. ನಾನು ಎಲೆ ತೆಗೆದುಕೊಂಡು ಮನೆಗೆ ಬಂದೆ.

ಆಕೆಗೆ ಹೆತ್ತವರಿಟ್ಟ ಹೆಸರೊಂದಿತ್ತು. ಅದು ನನಗೆ ಗೊತ್ತು, ಬರೆಯುವುದಿಲ್ಲ. ಊರಿನವರು ಗೇಟಮ್ಮ ಎನ್ನುವುದನ್ನೇ ಬೈಗುಳ ಮಾಡಿಕೊಂಡಿದ್ದಾರೆ. ಆ ಹೆಸರಿಗೂ ಅದೇ ದಾರಿ ಮಾಡಿಕೊಡಲು ನನಗಿಷ್ಟವಿಲ್ಲ. ಟಾಕೀಸಿನಲ್ಲಿ ಹೆಂಗಸರ ಕಡೆಯ ಬಾಗಿಲು ಕಾಯುತ್ತಿದ್ದಳು, ಅದಕ್ಕೇ ಗೇಟಮ್ಮ. ಅಷ್ಟು ಸಾಕು.

ಆ ಕಟ್ಟಡ ಹುಟ್ಟಿದ್ದು ಟಾಕೀಸಾಗಿ ಅಲ್ಲ. ಮೊದಲು ಅದು ಬೆಲ್ಲದ ಮಂಡಿ. ಎತ್ತರದ ಗೋಡೆ, ಉದ್ದನೆಯ ಅಂಗಳದಂಥ ಒಳಭಾಗ, ಮೇಲೆ ಮಂಗಳೂರು ಹೆಂಚು. ಬೆಲ್ಲದ ವ್ಯಾಪಾರ ಮಂಡ್ಯದ ಕಡೆ ಸರಿದ ಮೇಲೆ ಮಂಡಿಯ ಯಜಮಾನರು ಅದನ್ನು ನಾಟಕದವರಿಗೆ ಬಿಟ್ಟುಕೊಟ್ಟರು. ಆ ನಾಟಕದ ಕಂಪನಿಯ ಹಿಂದೆಯೇ ಗೇಟಮ್ಮ ನಮ್ಮೂರಿಗೆ ಬಂದದ್ದು. ಗಂಡ ಪರದೆ ಎಳೆಯುತ್ತಿದ್ದ, ಈಕೆ ವೇಷದ ಬಟ್ಟೆ ಒಗೆಯುತ್ತಿದ್ದಳು. ಗಂಡ ಇಲ್ಲೇ ವಿಷಮಶೀತ ಜ್ವರದಲ್ಲಿ ಸತ್ತ. ಆಮೇಲೆ ಕಂಪನಿಯೂ ಇಲ್ಲೇ ಒಡೆದುಹೋಯಿತು. ನಟರು ಒಬ್ಬೊಬ್ಬರಾಗಿ ಒಂದೊಂದು ದಿಕ್ಕಿಗೆ ಹೋದರು. ರಾಜಪಾರ್ಟಿನ ವೆಲ್ವೆಟ್ ಕೋಟೊಂದು ಮಾತ್ರ ಒಗೆಯಲು ಕೊಟ್ಟದ್ದು ಕೊಟ್ಟ ಹಾಗೇ ಈಕೆಯ ಕೈಯಲ್ಲಿ ಉಳಿಯಿತು.

ಯುದ್ಧ ಶುರುವಾದ ಮಾರನೆಯ ವರ್ಷ ಅದೇ ಕಟ್ಟಡ ಟಾಕೀಸಾಯಿತು. ಬ್ಲಫ್‌ನ ವಿದ್ಯುತ್ ಕೇಂದ್ರದಿಂದ ಬಂದ ಕರೆಂಟು ನಮ್ಮ ಮನೆಗಳಿಗೆ ಬರುವ ಮೊದಲು ಟಾಕೀಸಿಗೆ ಬಂತು. ನಾಟಕದ ವೇದಿಕೆ ಒಡೆದು ಹಿಂದಿನ ಗೋಡೆಗೆ ಬಿಳಿ ಪರದೆ ಹಾಕಿದರು. ನಡುವೆ ಸೊಂಟದೆತ್ತರದ ಗೋಡೆ ಎಬ್ಬಿಸಿ ಒಂದು ಪಕ್ಕ ಗಂಡಸರಿಗೆ ಬೆಂಚು, ಇನ್ನೊಂದು ಪಕ್ಕ ಹೆಂಗಸರಿಗೆ ನೆಲ. ಹೆಂಗಸರಿಗೆ ಬೇರೆ ಬಾಗಿಲು. ಆ ಬಾಗಿಲಿಗೆ ಯಾರನ್ನು ನಿಲ್ಲಿಸುವುದು? ಗಂಡಸು ನಿಂತರೆ ಮನೆಗಳಿಂದ ಹೆಂಗಸರನ್ನು ಕಳಿಸುವುದಿಲ್ಲ. ಮರ್ಯಾದಸ್ಥರ ಮನೆಯ ಹೆಂಗಸು ಬಂದು ನಿಲ್ಲುವುದಿಲ್ಲ. ಹೀಗೆ ಯಾರಿಗೂ ಸೇರದ ಗೇಟಮ್ಮ ಎಲ್ಲರ ಬಾಗಿಲು ಕಾಯುವ ಹಾಗಾಯಿತು.

ಎತ್ತರದ ಆಳು. ಬಾಯಿ ತುಂಬ ಎಲೆಯಡಿಕೆ. ಮಾಗಿಯ ಚಳಿಗೆ ಸೀರೆಯ ಮೇಲೆ ಆ ರಾಜನ ಕೋಟು. ಜರಿ ಎಲ್ಲ ಉದುರಿ, ಬಗಲು ಹರಿದು, ತೋಳು ಮಾತ್ರ ಉಳಿದ ರಾಜ್ಯ. ಪೇಟೆಯ ಪುಂಡರು "ಮಹಾರಾಜರಿಗೆ ಜಯವಾಗಲಿ" ಎಂದರೆ, "ಬಾ ಮಗನೆ, ನಿಂಗೊಂದು ಜಾಗೀರು ಕೊಡ್ತೀನಿ" ಎಂದು ಕಾಲಿನ ಮೆಟ್ಟಿಗೆ ಕೈ ಹಾಕುತ್ತಿದ್ದಳು.

ಬಿಸಿಲಿನಿಂದ ಬಂದವರಿಗೆ ಒಳಗೆ ಏನೂ ಕಾಣುತ್ತಿರಲಿಲ್ಲ. ಗೇಟಮ್ಮ ಪ್ರತಿಯೊಬ್ಬಳ ಮೊಣಕೈ ಹಿಡಿದು ಬಾಗಿಲೊಳಗೆ ಒಂದು ಗಳಿಗೆ ನಿಲ್ಲಿಸುತ್ತಿದ್ದಳು. "ಕಣ್ಣು ಒಗ್ಗೋಗಂಟ ನಿಂತ್ಕಳವ್ವ, ಪಿಚ್ಚರ್ ಎಲ್ಲೂ ಓಡೋಗಾಕಿಲ್ಲ." ನಡುವೆ ಗಂಡಸರಾರಾದರೂ ಬಂದು ತಮ್ಮ ಮನೆಯವಳನ್ನು ಕರೆಯಬೇಕೆಂದರೆ ಅದೊಂದು ಫಜೀತಿ. ಹೆಂಡತಿಯ ಹೆಸರು ಹಿಡಿದು ಬೀದಿಯಲ್ಲಿ ಕೂಗುವ ಗಂಡಸು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಬಾಗಿಲ ಹೊರಗೆ ನಿಂತು ಕೆಮ್ಮುತ್ತಿದ್ದರು. ಗೇಟಮ್ಮನಿಗೆ ಆ ಕೆಮ್ಮುಗಳೂ ಗೊತ್ತು. ಒಮ್ಮೆ ಪರದೆಯ ಮೇಲೆ ತಾಯಿ ಮಗನನ್ನು ಕಳೆದುಕೊಂಡು ಅಳುತ್ತಿರುವಾಗ, ಇಡೀ ಹೆಂಗಸರ ಪಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿರುವಾಗ, ಈಕೆ ಬಾಗಿಲಿಂದ, "ಸೌದೆ ಡಿಪೋದೋರ ಮನೆಯೋರು ಎದ್ದು ಬನ್ನಿ, ನಿಮ್ ಎಮ್ಮೆ ಈಯ್ತಾ ಐತಂತೆ!" ಎಂದು ಕೂಗಿದಳು. ಗಂಡಸರ ಬೆಂಚುಗಳು ನಗುವಿನಲ್ಲಿ ಬಿದ್ದುಹೋಗುವುದೊಂದು ಬಾಕಿ.

ನನ್ನ ಮನೆ ಟಾಕೀಸಿನ ಎದುರಿಗೇ ಇತ್ತು. ಒಂದು ದಿನ ಆಕೆಯನ್ನು ಕೇಳಿದೆ, "ಗೇಟಮ್ಮ, ನೀವು ಒಂದೊಂದು ಪಿಚ್ಚರನ್ನೂ ಎಷ್ಟು ಸಲ ನೋಡಿರಬಹುದು?" ಎಂದು.

"ನಾನೆಲ್ಲಿ ಪಿಚ್ಚರ್ ನೋಡ್ತೀನಿ? ಬೆನ್ನು ಮಾಡ್ಕಂಡು ನಿಂತಿರ್ತೀನಿ. ನೋಡೋರ್ನ ನೋಡ್ತೀನಿ" ಎಂದಳು.

"ಅದರಲ್ಲೇನಿದೆ?"

"ಅದ್ರಲ್ಲೇ ಇರೋದು. ಪರ್ದೆ ಮ್ಯಾಲೆ ಅಳೋದು ಸುಳ್ಳು. ಕೆಳ್ಗಡೆ ಅಳೋದು ಸುಳ್ಳಲ್ಲ."

ಆ ಮಾತಿನ ಅರ್ಥ ನನಗೆ ಗೊತ್ತಾದದ್ದು ನನ್ನ ಅಕ್ಕನಿಂದ. ಅಕ್ಕನನ್ನು ಎರಡು ಬೀದಿ ಆಚೆ, ಅದೇ ಊರಿಗೆ ಕೊಟ್ಟಿತ್ತು. ಮೊದಲನೆಯ ಮಗು ಒಂದು ವರ್ಷದ್ದಾಗಿ ತೀರಿಕೊಂಡಿತು. ತುಂಬಿದ ಮನೆ. ಅತ್ತೆ, ನಾದಿನಿಯರು, ಬೆಳಗಾದರೆ ರಾಗಿ ಬೀಸುವುದು, ಸಗಣಿ ಬಾಚುವುದು. ಅಳಲು ಪುರುಸೊತ್ತಿಲ್ಲ, ಅತ್ತರೆ ಮನೆಗೆ ಒಳ್ಳೆಯದಲ್ಲ ಎನ್ನುವ ಮಾತು ಬೇರೆ. ಅಕ್ಕ ಶನಿವಾರದ ಮಧ್ಯಾಹ್ನದ ಆಟಕ್ಕೆ ಹೋಗತೊಡಗಿದಳು. ಪಿಚ್ಚರು ಯಾವುದಾದರೂ ಸರಿ. ರಾಜ ರಾಣಿಯ ಕಥೆ ಬರಲಿ, ನಗೆಯ ಕಥೆ ಬರಲಿ, ಅವಳು ಗೋಡೆ ಪಕ್ಕ ಕೂತು ಮೂರು ಗಂಟೆ ಅತ್ತು ಎದ್ದು ಬರುತ್ತಿದ್ದಳು. ಪಕ್ಕದವರು ಗೊಣಗಿದರೆ ಗೇಟಮ್ಮ ಬಂದು ಅವರನ್ನು ಸರಿಸಿ ಕೂರಿಸುತ್ತಿದ್ದಳು. "ಅಳಾಕೆ ಜಾಗ ಇಲ್ದೆ ಬಂದದೆ, ಅಳ್ಲಿ ಬುಡಿ. ನಿಮ್ಮಪ್ಪನ ಮನೆ ಗಂಟೇನು ಓಯ್ತದೆ?" ಇದನ್ನು ಅಕ್ಕ ನನಗೆ ಹೇಳಿದ್ದು ಎಷ್ಟೋ ದಿನಗಳ ಮೇಲೆ, ಎರಡನೆಯ ಮಗು ಹುಟ್ಟಿ ಸ್ವಲ್ಪ ಹಗುರಾದ ಮೇಲೆ. ಹೇಳುವಾಗ ನಕ್ಕಳು.

ಆಮೇಲೆ ಯುದ್ಧ ನಮ್ಮ ಅಡುಗೆಮನೆಗೂ ಬಂತು. ಅಕ್ಕಿ ಮಾಯವಾಯಿತು, ರಾಗಿಗೂ ಚೀಟಿ. ಸರ್ಕಾರ ಟಾಕೀಸನ್ನು ವಹಿಸಿಕೊಂಡು ಧಾನ್ಯದ ಡಿಪೋ ಮಾಡಿತು. ನಾನು ಆ ಡಿಪೋದ ಗುಮಾಸ್ತನಾದೆ. ಕೆಲಸ ಸಿಕ್ಕಿದ್ದಕ್ಕೆ ಅವ್ವ ಊರಿಗೆಲ್ಲ ಕಡಲೆ ಹಂಚಿದಳು. ಗಂಡಸರ ಬೆಂಚುಗಳನ್ನು ಸಾಲಾಗಿ ಮಲಗಿಸಿ ಅವುಗಳ ಮೇಲೆ ಮೂಟೆ ಪೇರಿಸಿದೆವು, ನೆಲದ ತೇವ ಹತ್ತಬಾರದೆಂದು. ಟಿಕೀಟು ಕೊಡುತ್ತಿದ್ದ ಕಿಟಕಿಯಲ್ಲಿ ರಾಗಿ ಅಳೆದು ಕೊಡುತ್ತಿದ್ದೆವು. ಕಸ ಗುಡಿಸಲು, ಉದುರಿದ ಕಾಳು ಒನೆದು ಹಸನು ಮಾಡಲು, ಹೆಂಗಸರ ಸಾಲು ನೋಡಿಕೊಳ್ಳಲು ಗೇಟಮ್ಮನನ್ನೇ ಇಟ್ಟುಕೊಂಡೆವು. ಅವಳ ಬಾಗಿಲು ಬದಲಾಗಲಿಲ್ಲ, ಒಳಗಿನ ಸಾಮಾನು ಬದಲಾಯಿತು ಅಷ್ಟೆ. ಹೆಂಗಸರು ಆ ಬಾಗಿಲಿಂದಲೇ ಒಳಗೆ ಬಂದು ಕಿಟಕಿಗೆ ಸಾಲು ನಿಂತು, ಅದರಿಂದಲೇ ಹೊರಗೆ ಹೋಗುತ್ತಿದ್ದರು. ಬಸುರಿಯರು, ಬಾಣಂತಿಯರು ಮೊದಲು, ಮಿಕ್ಕವರು ಆಮೇಲೆ. ಅದು ಅವಳ ಕಾನೂನು. ಅಮಲ್ದಾರರ ಮನೆಯ ಆಳು ಬಂದು ಮುಂದೆ ನಿಂತಾಗ, "ನೀನು ಎಷ್ಟು ತಿಂಗ್ಳಾ ಬಸ್ರಿ?" ಎಂದು ಕೇಳಿ ಹಿಂದಕ್ಕೆ ಕಳಿಸಿದ್ದಳು.

ಆ ವರ್ಷ ಮಾಗಿಯಲ್ಲಿ ಮೂರು ವಾರ ಲಾರಿ ಬರಲಿಲ್ಲ. ಮದ್ದೂರು ಸ್ಟೇಷನ್ನಿಗೆ ವ್ಯಾಗನ್ನು ಬಂದಿಲ್ಲ ಎಂದರು, ಬಂದಿದೆ ಎಂದರು, ಬೇರೆ ಕಡೆ ಹೋಯಿತು ಎಂದರು. ಜನ ಅಣ್ಣೆ ಸೊಪ್ಪು ತಿಂದರು, ಹುಣಸೆ ಬೀಜ ಹುರಿದು ನೆನೆಸಿ ತಿಂದರು. ಡಿಪೋ ಮುಂದೆ ಹೆಂಗಸರು ಸುಮ್ಮನೆ ಬಂದು ಕೂತಿರುತ್ತಿದ್ದರು, ಇವತ್ತಲ್ಲ ಎಂದು ಗೊತ್ತಿದ್ದರೂ. ಕೊನೆಗೆ ಒಂದು ಭಾನುವಾರ ರಾಗಿ ಬಂತು. ಪೆಟ್ರೋಲಿಲ್ಲದೆ ಇದ್ದಿಲು ಗ್ಯಾಸಿನಲ್ಲಿ ಓಡುವ ಲಾರಿ, ಏರಿನಲ್ಲಿ ಹಮಾಲಿಗಳು ಇಳಿದು ತಳ್ಳಿಕೊಂಡು ಬಂದರು. ಮಂಗಳವಾರ, ಬುಧವಾರ ಹಂಚುವುದೆಂದು ಡಂಗುರ ಹಾಕಿಸಿದೆವು.

ಸೋಮವಾರ ಮಧ್ಯಾಹ್ನ ನಾನೊಬ್ಬನೇ ಚೀಟಿ ಜೋಡಿಸುತ್ತಾ ಕೂತಿದ್ದೆ. ಗೇಟಮ್ಮ ಬಂದು ಎದುರಿಗೆ ನಿಂತಳು. ಬಾಯಲ್ಲಿ ಎಲೆ ಇರಲಿಲ್ಲ.

"ಗುಮಾಸ್ತಪ್ಪ, ಇಲಿ ಬಿದ್ದೈತೆ" ಎಂದಳು.

ನಮ್ಮ ಕಡೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೂರಿನಿಂದ ಇಲಿ ಸತ್ತು ಬಿತ್ತೆಂದರೆ ಪ್ಲೇಗು ಮನೆಗೆ ಬಂತೆಂದೇ ಅರ್ಥ. ಒಲೆಯ ಮೇಲಿನ ಮಡಕೆಯನ್ನೂ ಬಿಟ್ಟು ಜನ ಹೊಲಕ್ಕೆ ಹೋಗಿ ಗುಡ್ಲು ಹಾಕಿಕೊಳ್ಳುತ್ತಾರೆ. ಎದ್ದು ಹೋಗಿ ನೋಡಿದೆ. ಪರದೆಯ ಹಿಂದೆ, ಗೋಡೆಯ ಬುಡದಲ್ಲಿ ಎರಡು. ಮೂಟೆಗಳ ನಡುವಿನ ಓಣಿಯಲ್ಲಿ ಒಂದು.

"ಪಾಷಾಣ ತಿಂದಿರಬೇಕು. ಮೊನ್ನೆ ತಾನೆ ಮುನಿಸಿಪಾಲಿಟಿಯವರು ಉಂಡೆ ಇಟ್ಟು ಹೋಗಿದ್ದಾರಲ್ಲ" ಎಂದೆ.

"ಪಾಷಾಣ ತಿಂದದ್ದು ನೀರು ಉಡಿಕ್ಕಂಡು ಓಯ್ತದೆ ಸ್ವಾಮಿ. ಇದು ನನ್ ಕಣ್ಣೆದುರ್ಗೇ ನಡೂ ಅಟ್ಟೀಲಿ ತಿರ್‌ತಿರ್ಗಿ ಬಿತ್ತು. ಏಳ್ಬುಡಿ ಅಮಲ್ದಾರ್ರಿಗೆ."

ಹೇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಕಟ್ಟಡಕ್ಕೆ ಬೀಗ, ಒಳಗೆ ಗಂಧಕದ ಹೊಗೆ, ಎರಡು ವಾರ ಯಾರೂ ಕಾಲಿಡುವ ಹಾಗಿಲ್ಲ. ಮೂರು ವಾರ ಕಾದ ಊರು ಇನ್ನೂ ಎರಡು ವಾರ ಬಾಗಿಲು ನೋಡುತ್ತಾ ಕೂತಿರಬೇಕು. "ಗೇಟಮ್ಮ, ಎರಡೇ ದಿನ. ಹಂಚಿಬಿಡೋಣ. ಗುರುವಾರ ಬೆಳಿಗ್ಗೆ ನಾನೇ ಹೋಗಿ ಹೇಳುತ್ತೇನೆ. ಈಗ ಬೀಗ ಹಾಕಿಸಿದರೆ ಹೆಂಗಸರು ಮಕ್ಕಳಿಗೆ ಏನು ಹಾಕುತ್ತಾರೆ, ನೀವೇ ಹೇಳಿ" ಎಂದೆ.

ಇದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಹಸಿದ ಜನಕ್ಕೆ ಬೀಗ ತೋರಿಸಿ ಅವರೆದುರು ನಿಲ್ಲಬೇಕಾದವನು ನಾನು. ನನಗೆ ಹೆದರಿಕೆಯಾಗಿತ್ತು. ಹೆದರಿಕೆಗೆ ಮಕ್ಕಳ ಹಸಿವಿನ ಹೆಸರು ಕೊಟ್ಟೆ. ಆಕೆ ಬಹಳ ಹೊತ್ತು ಮೂಟೆಗಳ ಕಡೆ ನೋಡಿದಳು. ಆ ಹೆಂಗಸರ ಮುಖಗಳನ್ನು ನನಗಿಂತ ಹತ್ತಿರದಿಂದ ಮೂರು ವಾರ ನೋಡಿದವಳು ಅವಳು.

"ತಪ್ಪು ಮಾಡ್ತಾ ಇದೀವಿ" ಎಂದಳು. ಆಮೇಲೆ, "ಆಗ್ಲಿ, ಎಲ್ಡು ದಿನ" ಎಂದಳು.

ಇಲಿಗಳನ್ನು ಮೊರದಲ್ಲಿ ಬಾಚಿ, ಮೇಲೆ ತಾಟು ಮುಚ್ಚಿ, ಹಿತ್ತಿಲಿಗೆ ಹೊತ್ತುಕೊಂಡು ಹೋಗಿ ಸೀಮೆಣ್ಣೆ ಸುರಿದು ಸುಟ್ಟಳು. ಕಸ ಗುಡಿಸುವ ಇನ್ನಿಬ್ಬರು ಹೆಂಗಸರನ್ನು ಏನೋ ನೆಪ ಹೇಳಿ ಮನೆಗೆ ಕಳಿಸಿದಳು. ಎರಡು ದಿನ ಒಳಗಿನ ಕಸವನ್ನು ತಾನೊಬ್ಬಳೇ ಗುಡಿಸಿದಳು. ಸಾಲಿನಲ್ಲಿ ಕಂಕುಳ ಕೂಸು ಇದ್ದವರನ್ನು, "ಮಗೀನ ಯಾರ್ ಕೈಲಾದ್ರೂ ಕೊಟ್ಟು ಬಾ" ಎಂದು ಗದರಿ ವಾಪಸು ಕಳಿಸಿ ಆಮೇಲೆ ಬಿಟ್ಟಳು. ಜನ ಬೈದುಕೊಂಡರು.

ಬುಧವಾರ ಅಕ್ಕ ಬಂದಳು. ಕಿಟಕಿಯ ಆಚೆ ಅವಳ ಮುಖ ಕಂಡಾಗ ನನ್ನ ಕೈ ಒಂದು ಗಳಿಗೆ ನಿಂತಿತು. ಹೇಳಲೇ? ಹೇಳಿದರೆ ಅವಳ ಹಿಂದೆ ನಿಂತವಳಿಗೂ ಹೇಳಿದ ಹಾಗೆ. ಅವಳು ಹಿಡಿದು ತಂದಿದ್ದ ಚೌಕದ ಬಟ್ಟೆ ಹರಿದಿತ್ತು, ಅದರಲ್ಲಿ ರಾಗಿ ನಿಲ್ಲುತ್ತಿರಲಿಲ್ಲ. ಆ ಕಾಲದಲ್ಲಿ ಗೋಣಿಚೀಲ ಬಂಗಾರದಷ್ಟು ಅಪರೂಪ. ಮಳೆಗೆ ತಲೆಯ ಮೇಲೆ ಹೊದೆಯುವ ಗೊಪ್ಪೆಯಾಗುತ್ತದೆ, ಮಕ್ಕಳಿಗೆ ಹಾಸಿಗೆಯಾಗುತ್ತದೆ. ಯಾರಿಗೂ ಕೊಡುವ ಹಾಗಿರಲಿಲ್ಲ. ಆಗಷ್ಟೇ ಖಾಲಿಯಾದ ಒಂದು ಗೋಣಿಗೆ ಅವಳ ರಾಗಿ ಸುರಿಸಿ, ಬೇಗ ಹೋಗು ಎಂದು ಕಣ್ಣಲ್ಲೇ ಹೇಳಿದೆ. ಅಕ್ಕನ ಮುಖ ಅರಳಿತು. ತಮ್ಮ ಸರ್ಕಾರಿ ಕೆಲಸದಲ್ಲಿದ್ದಾನೆ ಎನ್ನುವುದು ಅವಳಿಗೆ ಮೊದಲ ಸಲ ಉಪಯೋಗಕ್ಕೆ ಬಂದಿತ್ತು.

ಗುರುವಾರ ಬೆಳಿಗ್ಗೆ ಮಾತಿನಂತೆ ಹೋಗಿ ಹೇಳಿದೆ. ಆದರೆ "ಇವತ್ತು ಇಲಿ ಬಿದ್ದಿದೆ" ಎಂದು ಹೇಳಿದೆ.

ಮಧ್ಯಾಹ್ನಕ್ಕೆ ಅಮಲ್ದಾರರು, ಹೆಲ್ತ್ ಇನ್ಸ್‌ಪೆಕ್ಟರು ಬಂದರು. ಹಿಂದೆಯೇ ಅರ್ಧ ಪೇಟೆ ಬಂತು. ಇನ್ಸ್‌ಪೆಕ್ಟರು ಚುರುಕು ಮನುಷ್ಯ. ಹಿತ್ತಿಲಿಗೆ ಹೋಗಿ ಬೂದಿ ಕೆದಕಿದರು. ಅರ್ಧ ಸುಟ್ಟ ಇಲಿಗಳು ಸಿಕ್ಕವು. "ಇದು ಇವತ್ತಿನದಲ್ಲ. ಯಾರು ಸುಟ್ಟವರು?" ಎಂದು ಎಲ್ಲರೆದುರು ಕೇಳಿದರು.

"ನಾನು" ಎಂದಳು ಗೇಟಮ್ಮ. "ಸೋಮವಾರ ಕಂಡೆ. ನಾನೇ ಬಾಚಿದೆ, ನಾನೇ ಸುಟ್ಟೆ."

"ಯಾಕೆ ಹೇಳಲಿಲ್ಲ?"

ಆಕೆ ಕೆಳಗೆ ನೋಡುತ್ತಾ ನಿಂತಳು. ಅಲ್ಲಿ ಒಂದು ಸಣ್ಣ ಮೌನವಿತ್ತು. ಆ ಮೌನ ನನ್ನದು. ನಾನು ಮಾತಾಡಲೆಂದೇ ಅದು ಅಲ್ಲಿತ್ತು. ನಾನು ಕೈಯಲ್ಲಿದ್ದ ಬೀಗದ ಕೈ ಗೊಂಚಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿಕೊಂಡೆ. ಅಷ್ಟರಲ್ಲಿ ಗುಂಪಿನಿಂದ ಯಾರೋ "ಮಾರಿ" ಎಂದರು. ಇನ್ನಾರೋ ಉಗಿದರು. ಅಮಲ್ದಾರರು ಅವಳನ್ನು ಅಲ್ಲೇ ಕೆಲಸದಿಂದ ತೆಗೆದರು. ಪೊಲೀಸಿಗೆ ಕೊಡಲಿಲ್ಲ, ಹೆಂಗಸು, ತಿಳಿವಳಿಕೆ ಇಲ್ಲದವಳು ಎಂದು. ನನ್ನ ಕಡೆ ತಿರುಗಿ, "ಮುಂದಕ್ಕೆ ಇಂಥವರ ಮೇಲೆ ಕಣ್ಣಿಟ್ಟಿರಿ" ಎಂದರು. ನಾನು ತಲೆಯಾಡಿಸಿದೆ.

ಶುಕ್ರವಾರ ಊರು ಬಿಟ್ಟೆವು. ಕೆರೆ ಏರಿಯ ಕೆಳಗಿನ ಹೊಲಗಳಲ್ಲಿ ಸೋಗೆಯ ಗುಡ್ಲುಗಳೆದ್ದವು. ಮೊದಲು ಸತ್ತವನು ಮೂಟೆ ಹೊರುತ್ತಿದ್ದ ಒಬ್ಬ ಹಮಾಲಿ. ಆಮೇಲೆ ಪೇಟೆ ಬೀದಿಯಲ್ಲಿ ಒಬ್ಬರು, ಆಚೆ ಬೀದಿಯಲ್ಲಿ ಇಬ್ಬರು. ಪ್ಲೇಗು ಡಿಪೋದಿಂದಲೇ ಬಂತೆಂದು ಗಟ್ಟಿಯಾಗಿ ಹೇಳಲಾಗದು, ಅಷ್ಟು ಹೊತ್ತಿಗಾಗಲೇ ಊರಲ್ಲಿ ಇದ್ದಿರಬಹುದು ಎಂದು ಡಾಕ್ಟರರು ಹೇಳಿದರು. ಆ ಮಾತನ್ನು ನಾನು ಇಷ್ಟು ವರ್ಷ ಊರುಗೋಲಿನ ಹಾಗೆ ಹಿಡಿದುಕೊಂಡಿದ್ದೆ. ಅದೇ ಡಾಕ್ಟರರು ಇನ್ನೊಂದು ಮಾತೂ ಹೇಳಿದ್ದರು. ಇಲಿ ಸತ್ತ ಮೇಲೆ ಅದರ ಮೈಮೇಲಿನ ಚಿಗಟ ಗೋಣಿ, ಕಂಬಳಿಗಳಲ್ಲಿ ಸೇರಿಕೊಂಡು ಮನುಷ್ಯರ ಮೈಗೆ ಕಾಯುತ್ತದೆ ಎಂದು.

ಎಂಟನೆಯ ದಿನ ಅಕ್ಕನಿಗೆ ಜ್ವರ ಬಂತು. ಮಾರನೆಯ ದಿನ ತೊಡೆಸಂದಿಯಲ್ಲಿ ಗಡ್ಡೆ. ಮಗುವನ್ನು ಬೇರೆ ಗುಡ್ಲಿಗೆ ಕಳಿಸಿದರು. ಅವ್ವ, ಭಾವ, ನಾನು ಉಳಿದೆವು. ಅಕ್ಕ ಮಲಗಿದ್ದ ಚಾಪೆಯ ಕೆಳಗೆ ಆ ಗೋಣಿ ಹಾಸಿತ್ತು. ನಾನೇ ಅದನ್ನು ಎಳೆದು ತೆಗೆದು ಸುಟ್ಟೆ. ಯಾಕೆ ಎಂದು ಯಾರೂ ಕೇಳಲಿಲ್ಲ.

ಅವತ್ತು ಇಳಿಹೊತ್ತಿನಲ್ಲಿ ಗೇಟಮ್ಮ ಬಂದಳು. ಆ ಕೋಟು ತೊಟ್ಟುಕೊಂಡು ಗುಡ್ಲಿನಿಂದ ಹತ್ತು ಮಾರು ದೂರದಲ್ಲಿ ನಿಂತಳು. "ಅವ್ವಾ, ಒಂದು ಗಳ್ಗೆ ಅದ್ರ ತಾವ ಕೂತಿದ್ದು ಓಯ್ತೀನಿ. ಕೈ ಇಡ್ಕಂಡು ಕೂತಿರ್ತೀನಿ, ಅಷ್ಟೆಯ" ಎಂದಳು. ನಮ್ಮವ್ವ ಮಣ್ಣು ಹಿಡಿದು ತೂರಿದಳು. "ಇಲಿ ಮುಚ್ಚಿಟ್ಟು ಊರು ತಿಂದ ಮುಂಡೆ, ನನ್ ಮಗಳ್ನ ನೋಡಾಕೆ ಬಂದಿಯಾ? ಓಗು, ನಿನ್ ವಂಸ ನಾಸ ಆಗ" ಎಂದಳು. ಗೇಟಮ್ಮ ನನ್ನ ಕಡೆ ನೋಡಿದಳು. ನಾನು ಅವ್ವನ ತೋಳು ಹಿಡಿದುಕೊಂಡು, "ಸುಮ್ಮನಿರವ್ವ" ಎಂದೆ. ಅಷ್ಟೇ ಹೇಳಿದೆ. ಭಾವ ಮೊಣಕಾಲ ಮೇಲೆ ತಲೆಯಿಟ್ಟು ಕೂತಿದ್ದರು, ಎತ್ತಲಿಲ್ಲ. ಗೇಟಮ್ಮ ಮುಖದ ಮೇಲಿನ ಮಣ್ಣು ಒರೆಸಿಕೊಂಡು ಹೋದಳು. ಅಕ್ಕ ಮರುದಿನ ನಸುಕಿನಲ್ಲಿ ತೀರಿಕೊಂಡಳು.

ಪ್ಲೇಗು ಬಂದ ಮನೆಗೆ ಬಿಸಿಲು ಬೀಳಬೇಕೆಂದು ಹೆಂಚು ತೆಗೆಸುವುದು ವಾಡಿಕೆ. ಟಾಕೀಸಿಗೂ ಹಾಗೇ ಮಾಡಿದರು. ಕತ್ತಲೆಗಾಗಿ ಕಿಟಕಿಗಳನ್ನೆಲ್ಲ ಮುಚ್ಚಿದ್ದ ಕಟ್ಟಡ ಅದು. ಹೆಂಚು ಇಳಿಸಿದ ದಿನ ಬಾಗಿಲಲ್ಲಿ ನಿಂತು ನೋಡಿದೆ. ಬಿಸಿಲು ನೆಟ್ಟಗೆ ಪರದೆಯ ಮೇಲೆ ಬಿದ್ದಿತ್ತು. ಅದರ ಮೇಲೆ ಎಲೆಯಡಿಕೆ ಉಗುಳಿನ ಕಲೆ, ಬಾವಲಿ ಹಿಕ್ಕೆ, ಅಡ್ಡಕ್ಕೆ ಒಂದು ಹರಕು. ಇಂಥ ಕೊಳಕು ಬಟ್ಟೆಯ ಎದುರು ಕೂತು ಅಷ್ಟೊಂದು ಜನ ಅತ್ತಿದ್ದರು.

ಗೇಟಮ್ಮನಿಗೆ ಊರಲ್ಲಿ ಯಾರೂ ನೀರು ಕೊಡಲಿಲ್ಲ. ತಮ್ಮನ ಮನೆ ದುದ್ದದ ಹತ್ತಿರ ಇದೆ, ಅಲ್ಲಿಗೆ ಹೋಗುತ್ತಾಳೆ ಎಂದು ಕೇಳಿ ಮಂಡ್ಯದ ಬಸ್ಸು ನಿಲ್ಲುವಲ್ಲಿಗೆ ಹೋದೆ. ಗಂಟು ಮಡಿಲಲ್ಲಿಟ್ಟುಕೊಂಡು ಮರದ ಕೆಳಗೆ ಒಬ್ಬಳೇ ಕೂತಿದ್ದಳು. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ನಾನು ಹತ್ತಿರ ಹೋದದ್ದು. ಅದನ್ನೂ ಬರೆಯಬೇಕು.

"ಗೇಟಮ್ಮ, ನನ್ನ ಹೆಸರು ಯಾಕೆ ಹೇಳಲಿಲ್ಲ ನೀವು?" ಎಂದು ಕೇಳಿದೆ. ದೊಡ್ಡ ಮನಸ್ಸಿನ ಮಾತೇನಾದರೂ ಆಡುತ್ತಾಳೆ, ಅದನ್ನು ಕೇಳಿ ಸ್ವಲ್ಪ ಅತ್ತು ಹಗುರಾಗಬಹುದು ಎಂದುಕೊಂಡಿದ್ದೆನೋ ಏನೋ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನನ್ ಪಾಲಿಂದು ನಾನು ಏಳ್ದೆ. ನಿಮ್ ಪಾಲಿಂದು ನೀವು ಏಳ್ತೀರಿ ಅಂತ ಕಾದೆ. ಅದ್ನೂ ನಾನೇ ಏಳಾಕಾಯ್ತದಾ?" ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದಳು. ಬಸ್ಸು ಬಂತು. ಹತ್ತುವಾಗ ಗಂಟು ಎತ್ತಿಕೊಡಲು ಕೈ ಚಾಚಿದೆ. "ಇರ್ಲಿ" ಎಂದು ತಾನೇ ಎತ್ತಿಕೊಂಡಳು.

ಸೂರಿಲ್ಲದ ಟಾಕೀಸನ್ನು ಮುನಿಸಿಪಾಲಿಟಿಯವರು ದೊಡ್ಡಿ ಮಾಡಿದರು. ಬೀಡಾಡಿ ದನ, ಕದ್ದು ಮೇಯ್ದ ಎಮ್ಮೆಗಳನ್ನು ತಂದು ಕೂಡುತ್ತಿದ್ದರು. ಮೂರು ವರ್ಷ ನಮ್ಮ ಮನೆಯ ಎದುರು ಸಗಣಿಯ ನಾತ, ಹಸಿದ ದನಗಳ ಕೂಗು. ನನಗೆ ಡಿಪೋ ಬೇರೆ ಕಡೆ ಸಿಕ್ಕಿತು, ಬಡ್ತಿಯೂ ಸಿಕ್ಕಿತು. ಯುದ್ಧ ಮುಗಿಯಿತು. ಈಗ ಹೊಸ ಯಜಮಾನರು ಬಂದು ಸಗಣಿ ಬಾಚಿಸಿ, ಹೆಂಚು ಹೊದಿಸಿ, ಮತ್ತೆ ಪಿಚ್ಚರು ಹಾಕಿದ್ದಾರೆ. ಊರಿನವರು ಹಳೆಯದನ್ನು ಮರೆತರು. ಮರೆಯದೆ ಉಳಿದದ್ದು ಒಂದೇ, ಇಲಿ ಮುಚ್ಚಿಟ್ಟವಳು ಗೇಟಮ್ಮ ಎನ್ನುವುದು. ಮಕ್ಕಳು ಏನನ್ನಾದರೂ ಬಚ್ಚಿಟ್ಟರೆ "ಗೇಟಮ್ಮನ ಬುದ್ಧಿ ಕಲ್ತಿದೀಯಾ?" ಎಂದು ತಾಯಂದಿರು ಗದರಿಸುವುದನ್ನು ನನ್ನ ಕಿವಿಯಲ್ಲೇ ಕೇಳಿದ್ದೇನೆ. ಕೇಳಿಯೂ ಮುಂದೆ ನಡೆದಿದ್ದೇನೆ.

ಎಲೆ ವ್ಯಾಪಾರಿ ಸಾವಿನ ಸುದ್ದಿ ಹೇಳಿದ ಮೇಲೆ ಎರಡು ದಿನ ತಡೆದೆ. ಮೂರನೆಯ ದಿನ ಭಾವನ ಮನೆಗೆ ಹೋದೆ. ಅವ್ವ ಈಗಿಲ್ಲ. ಈ ಮಾತನ್ನು ಕೇಳಬೇಕಾದವರು ಯಾರಾದರೂ ಉಳಿದಿದ್ದರೆ ಅದು ಭಾವ ಒಬ್ಬರೇ. ಕೊಟ್ಟಿಗೆಯ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದರು. ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಪೀಠಿಕೆ ಇಲ್ಲದೆ ಹೇಳಿದೆ. ಇಲಿ ಬಿದ್ದದ್ದು ಸೋಮವಾರವೇ ನನಗೆ ಗೊತ್ತಿತ್ತು, ಎರಡು ದಿನ ಮುಚ್ಚಿಡೋಣ ಎಂದವನು ನಾನೇ, ಗೇಟಮ್ಮ ಅಲ್ಲ ಎಂದು.

ಭಾವ ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಕಣ್ಲಾ" ಎಂದರು.

"ಹೇಗೆ?" ಎಂದೆ.

"ಬೀಗದ ಕೈ ನಿನ್ ತಾವ ಇದ್ದಿದ್ದು. ನಿಂಗೆ ಗೊತ್ತಿಲ್ದಂಗೆ ಅವ್ಳು ಏನ ಮುಚ್ಚಾಕ್ತಾಳ್ಲಾ? ನಿಮ್ಮಕ್ಕನೂ ತಿಳ್ಕಂಡಿದ್ಲು. ಜರದಾಗೇ ನನ್ ಕೈ ಇಡ್ಕಂಡು, ಯಾರ್ಗೂ ಏಳ್ಬ್ಯಾಡ, ನನ್ ತಮ್ಮನ ಕೆಲ್ಸ ಓಯ್ತದೆ ಅಂದ್ಲು. ಅದ್ಕೇ ಅವತ್ತು ಗುಡ್ಲು ತಾವ ಅತ್ತೆ ಆವಮ್ಮುನ್ಗೆ ಮಣ್ಣು ತೂರ್ದಾಗ್ಲೂ ನಾನು ತಲೆ ಎತ್ನಿಲ್ಲ. ಎತ್ತಿದ್ರೆ ಬಾಯ್ಗೆ ಬಂದ್ಬುಡ್ತಿತ್ತು."

"ಅಕ್ಕನಿಗೆ ಹೇಗೆ ಗೊತ್ತಾಯಿತು ಭಾವ?"

ಅವರು ಹಗ್ಗವನ್ನು ಕಾಲ ಬೆರಳಿಗೆ ಸಿಕ್ಕಿಸಿ ಬಿಗಿದರು. "ರಾಗಿ ತಕ್ಕಂಡು ಬಂದ ದಿನ್ವೇ ನಡೆದದ್ದು ಏಳುದ್ಲು, ಅರ್ಥ ಆಗಿದ್ದು ಇಲಿ ಸುದ್ದಿ ಬಂದ್ ಮ್ಯಾಲೆ. ಈಚ್ಗೆ ಬರೋವಾಗ ಬಾಗ್ಲಲ್ಲಿ ಗೇಟಮ್ಮ ಆ ಗೋಣಿ ಇಡ್ಕಂಡ್ಲಂತೆ. ಇದು ಬ್ಯಾಡ ಕಣವ್ವ, ರಾಗಿ ಸೆರುಗ್ಗೆ ಸುರ್ಕಂಡು ಓಗು, ಗೋಣಿ ಇಲ್ಲೇ ಬುಡು ಅಂದ್ಲಂತೆ. ಇವ್ಳು, ನನ್ ತಮ್ಮ ಕೊಟ್ಟಿರೋದು, ಅವ್ನು ನಂಗೆ ಕೆಟ್ಟದ್ದು ಕೊಟ್ಟಾನಾ ಅಂತ ಎಳ್ಕಂಡ್ಲು. ಅವ್ಳು ಬುಡ್ನಿಲ್ಲ. ಇಂಗೇ ಎಳೆದಾಡ್ತಿದ್ರಂತೆ. ಆಗ ಒಳ್ಗಡೆಯಿಂದ ನೀನು ಕೂಗುದ್ಯಂತೆ. ಏನಮ್ಮ ಅದು ಗಲಾಟೆ, ಬುಡಿ ಅತ್ಲಾಗೆ, ಓಗ್ಲಿ ಅಂತ."

ಹಗ್ಗದ ತುದಿಗೆ ಗಂಟು ಹಾಕಿದರು.

"ಆಗ ಬುಟ್ಲಂತೆ."

ಆ ಎರಡು ದಿನ ಕಿಟಕಿಯಲ್ಲಿ ಕೂತು ಬಾಗಿಲ ಕಡೆಗೆ ನಾನು ಎಷ್ಟು ಸಲ ಹಾಗೆ ಕೂಗಿದೆನೋ. ಅದರಲ್ಲಿ ಯಾವ ಸಲ ಅಕ್ಕ ಅಲ್ಲಿ ನಿಂತಿದ್ದಳು ಎಂದು ಎಷ್ಟು ಯೋಚಿಸಿದರೂ ನನಗೆ ನೆನಪಾಗುವುದಿಲ್ಲ.